ಕಿಂಡಿಯಕ್ಕನ ಕೈಗುಣ

ಲಿಫ್ಟಿನ ಸರ್ಕ್ಯೂಟ್ ಬೋರ್ಡು ತಯಾರಿಸುವ ಆ ಕಾರ್ಖಾನೆಯಲ್ಲಿ ಕಿಂಡಿಯಕ್ಕ ಎಲ್ಲಿ ಕೂರುತ್ತಾಳೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಒಂದು ಗಳಿಗೆ ಕಿವಿಗೊಟ್ಟರೆ ಸಾಕು, ಅವಳ ದನಿಯೇ ಕೈಹಿಡಿದು ಕರೆದೊಯ್ಯುತ್ತಿತ್ತು. ಮೇಲಿನ ಮಹಡಿಯ ಉದ್ದನೆಯ ಕೋಣೆ, ಬೀದಿಗೆ ತೆರೆದ ಕಿಟಕಿ, ಅದರ ಕೆಳಗೆ ಅವಳ ಮೇಜು. ಮೇಜಿನ ಮೇಲೆ ಹಸಿರು ಬೋರ್ಡುಗಳು ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತಿದ್ದವು. ಕನ್ನಡಕ ಕೊರಳ ದಾರದಲ್ಲಿ ತೂಗಾಡುತ್ತಿದ್ದರೂ ಅವಳು ಅದನ್ನೇ ಮೇಜಿನ ಮೇಲೆಲ್ಲ ತಡಕಾಡುತ್ತಿದ್ದಳು. ಬಲಗೈ ಹೆಬ್ಬೆರಳಿನ ಚರ್ಮ ಬೆಸುಗೆ ಕಡ್ಡಿಯ ಬಿಸಿಗೆ ಕೊರಡಿನಂತೆ ಗಟ್ಟಿಯಾಗಿತ್ತು; ಕುದಿಯುವ ಲೋಟವನ್ನು ಬಟ್ಟೆಯಿಲ್ಲದೆ ಎತ್ತುವುದನ್ನು ಕಂಡು ಹೊಸಬರು ಬಾಯಿ ಬಿಡುತ್ತಿದ್ದರು.

ಅವಳ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಮನೆಯ ಮುಂಗೋಣೆಯೇ ಅಂಗಡಿ. ಮಗಳು ಪೆನ್ಸಿಲ್ ಹಿಡಿಯುವ ಮೊದಲೇ ಬೆಸುಗೆ ಕಡ್ಡಿ ಹಿಡಿದಳು. “ಮುಚ್ಚಳಕ್ಕೆ ಕೈ ಹಾಕೋ ಮುಂಚೆ ಕಿವಿ ಹಾಕು ಮಗಾ” ಎನ್ನುತ್ತಿದ್ದ ಅಪ್ಪ. ಓದು ಅರ್ಧಕ್ಕೇ ನಿಂತಿತು. ಕಾರ್ಖಾನೆಗೆ ಬೆಸುಗೆ ಕೆಲಸಕ್ಕೆ ಬಂದಳು. ಮುಂದೆ ಲಿಫ್ಟನ್ನು ನಡೆಸುವ ಪೆಟ್ಟಿಗೆಗಳಿಗೂ ಪುಟ್ಟ ಕಂಪ್ಯೂಟರು ಬಂದು ಕೂತಾಗ ಉಳಿದವರು “ಅದು ನಮಗೆ ಹತ್ತಲ್ಲಪ್ಪ” ಎಂದು ಹಿಂದೆ ಸರಿದರು. ಅವಳು ಬೋರ್ಡನ್ನೂ ಅದರ ದಪ್ಪ ಪುಸ್ತಕವನ್ನೂ ಕೈಚೀಲಕ್ಕೆ ತುಂಬಿಕೊಂಡು ಮನೆಗೆ ನಡೆದಳು. ಆ ವಿದ್ಯೆಯನ್ನು ಅವಳು ಕಲಿತಳು ಎನ್ನುವುದಕ್ಕಿಂತ ಕಿತ್ತುಕೊಂಡಳು ಎಂದರೆ ಸರಿ.

ಗಂಡ ಸಿಕ್ಕಿದ್ದೂ ಹಾಗೆಯೇ. ಅವನು ಲಿಫ್ಟು ಮೆಕ್ಯಾನಿಕ್ಕು. ಒಂದು ದಿನ ಕೆಟ್ಟ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಜಗಳಕ್ಕೇ ಬಂದಿದ್ದ.

“ನಿಮ್ಮ ಬೋರ್ಡು ಸುಳ್ಳು ಹೇಳುತ್ತೆ.”

“ಬೋರ್ಡು ಸರಿಯಾಗೇ ಹೇಳುತ್ತೆ. ನಿಮಗೆ ಕೇಳೋಕೆ ಬರಲ್ಲ.”

ಆ ಜಗಳ ಎಷ್ಟು ದಿನವಾದರೂ ಮುಗಿಯಲಿಲ್ಲವಾದ್ದರಿಂದ ಇಬ್ಬರೂ ಮದುವೆಯಾದರು ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು.

ಕಿಂಡಿ ಹುಟ್ಟಿದ್ದು ಆ ಗಂಡನ ಅಂಗೈಯಿಂದ. ಲಿಫ್ಟನ್ನು ನಡೆಸುವ ಪೆಟ್ಟಿಗೆ ಇರುವುದು ಕಟ್ಟಡದ ನೆತ್ತಿಯಲ್ಲಿ, ಕಬ್ಬಿಣದ ಏಣಿ ಹತ್ತಿ ತಲೆ ತಗ್ಗಿಸಿ ನುಸುಳಬೇಕಾದ ಇಕ್ಕಟ್ಟು ಕೋಣೆಯಲ್ಲಿ. ಯಾವ ಚಿಪ್ ಕೈಕೊಟ್ಟಿದೆ ಎಂದು ತಿಳಿಯಬೇಕಾದರೆ ಕರೆಂಟು ಹರಿಯುತ್ತಿರುವಾಗಲೇ ಮುಚ್ಚಳ ತೆಗೆದು, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಮೀಟರಿನ ಎರಡು ಸೂಜಿಗಳನ್ನು ಚಿಪ್ಪಿನ ಕೂದಲೆಳೆಯಂಥ ಕಾಲುಗಳಿಗೆ ಮುಟ್ಟಿಸಬೇಕಿತ್ತು. ಸೂಜಿ ಜಾರಿದರೆ ಮುಗಿಯಿತು. ಒಂದು ಸಂಜೆ ಅವನು ಮನೆಗೆ ಬಂದವನೇ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಎಡಗೈಯಲ್ಲಿ ಊಟಕ್ಕೆ ಕೂತ.

“ಬಲಗೈಗೇನಾಯ್ತು?”

“ಏನಿಲ್ಲ. ಇಸ್ತ್ರಿ ಪೆಟ್ಟಿಗೆ ತಾಗ್ತು.”

“ನೀವು ಯಾವ ಕಾಲದಲ್ಲಿ ಇಸ್ತ್ರಿ ಮಾಡಿದ್ದೀರಿ?”

ಪೇಪರು ಕಿತ್ತು ನೋಡಿದರೆ ಅಂಗೈಯ ನಡುವೆ ಬೆಂದು ಕಪ್ಪಾದ ಬರೆ. ಕರೆಂಟು ಅವನನ್ನು ಗೋಡೆಗೆ ಒಗೆದಿತ್ತು. ಮುಲಾಮು ಹಚ್ಚಿ ಮುಗಿಯುವವರೆಗೂ ಬೈದಳು. ಮರುದಿನ ಬೆಳಗ್ಗೆ ಕಾರ್ಖಾನೆಗೆ ಹೋದವಳು ಆ ಕೈ ಮತ್ತೆ ಪೆಟ್ಟಿಗೆಯೊಳಗೆ ಹೋಗದ ಹಾಗೆ ಮಾಡಿಯೇ ತೀರುತ್ತೇನೆಂದು ಹಟ ಹಿಡಿದು ಕೂತಳು.

ಲಿಫ್ಟಿನ ಕಂಪ್ಯೂಟರಿನೊಳಗೂ ಒಂದು ತಿರುಳಿದೆ; ಕಸುಬಿನವರು ಅದನ್ನು ಕರ್ನಲ್ ಎನ್ನುತ್ತಾರೆ. ತುಂಬಿದ ಮನೆಗೆ ಹಿರಿಸೊಸೆ ಇದ್ದಂತೆ ಅದು. ಉಗ್ರಾಣದ ಕೀಲಿ ಅದರ ಸೊಂಟದಲ್ಲೇ. ಲಿಫ್ಟನ್ನು ಏರಿಸುವ, ಬಾಗಿಲು ಮುಚ್ಚುವ, ಮಹಡಿಯ ಅಂಕಿ ತೋರಿಸುವ ಪ್ರೋಗ್ರಾಮುಗಳು ಎಷ್ಟೇ ಇರಲಿ, ಅವು ಚಿಪ್ಪುಗಳನ್ನು ನೇರವಾಗಿ ಮುಟ್ಟುವಂತಿಲ್ಲ, ಹಿರಿಸೊಸೆಯನ್ನೇ ಕೇಳಬೇಕು. ಪ್ರತಿ ಚಿಪ್ಪಿನೊಳಗೆ ಪುಟ್ಟ ಪುಟ್ಟ ಗೂಡುಗಳಿರುತ್ತವೆ: ಬಾಗಿಲು ಮುಚ್ಚಿದೆ ಎನ್ನಲು ಒಂದು, ಬ್ರೇಕು ಹಿಡಿದಿದೆ ಎನ್ನಲು ಒಂದು. ಕರ್ನಲ್ಲು ಬಿಡುವಿಲ್ಲದೆ ಗೂಡಿನಿಂದ ಗೂಡಿಗೆ ಓಡಾಡುತ್ತ ಎಲ್ಲ ಸರಿಯಿದೆಯೇ ಎಂದು ಕೇಳುತ್ತಿರುತ್ತದೆ. ಅವಳು ಆ ತಿರುಳಿಗೇ ಒಂದು ಕಿಂಡಿ ಕೊರೆದಳು. ಪೆಟ್ಟಿಗೆಯ ಹೊರಮೈಯಲ್ಲಿ ಒಂದು ತೂತು. ಅದಕ್ಕೆ ವಯರು ಸಿಕ್ಕಿಸಿ ಅಂಗೈಯಗಲದ ಪರದೆ ಹಿಡಿದರೆ ಒಳಗಿನ ಗೂಡುಗಳೆಲ್ಲ ಸಾಲುದೀಪದಂತೆ ಕಾಣುತ್ತಿದ್ದವು. ಬೇಕೆಂದರೆ ಕೂತಲ್ಲಿಂದಲೇ ಬ್ರೇಕು ಬಿಡಬಹುದು, ಹಿಡಿಯಬಹುದು. ಮುಚ್ಚಳ ತೆಗೆಯುವ ಮಾತೇ ಇಲ್ಲ.

ಊರಿನ ಮೆಕ್ಯಾನಿಕ್ಕುಗಳು ಅದನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಅವಳಿಗೆ ಕಿಂಡಿಯಕ್ಕ ಎಂಬ ಹೆಸರು ಬಂದದ್ದೂ ಆಗಲೇ. ಬರುಬರುತ್ತ ಅವರಲ್ಲೊಂದು ರೂಢಿ ಬೆಳೆಯಿತು. ಲಿಫ್ಟು ತಕರಾರು ಮಾಡಿದರೆ ಕಿಂಡಿ ತೆರೆದು ನೋಡಿ, ಮುಚ್ಚದೆ, ವಯರನ್ನೂ ಪರದೆಯನ್ನೂ ಕೀಳದೆ ಹಾಗೆಯೇ ಬಿಟ್ಟು ಬರುವುದು. ಮೊಂಡು ಮಗುವಿನ ಪಕ್ಕದಲ್ಲಿ ಅಜ್ಜಿಯನ್ನು ಕೂರಿಸಿ ಬಂದಂತೆ. ಸೋಜಿಗವೆಂದರೆ, ಎಷ್ಟೋ ಲಿಫ್ಟುಗಳು ಅಷ್ಟಕ್ಕೇ ತೆಪ್ಪಗಾಗುತ್ತಿದ್ದವು. “ರಿಪೇರಿನೇ ಬೇಡ, ಕಿಂಡಿ ತೆರೆದಿಟ್ರೆ ಸಾಕು. ಅಕ್ಕನ ಕೈಗುಣ!” ಎನ್ನುತ್ತಿದ್ದರು. “ಹೋಗ್ರೋ, ನಾನೇನು ಮುಲಾಮು ಮಾರ್ತೀನಾ?” ಎಂದು ಅವಳು ಗದರುತ್ತಿದ್ದಳು. ಆದರೆ ಆ ಮಾತು ಬಿದ್ದ ದಿನ ಅವಳ ನಡಿಗೆಯೇ ಬೇರೆ. ಹೊಗಳಿಕೆ ಹಿಡಿಸದವರು ಯಾರಿದ್ದಾರೆ?

ಹಿಡಿಸದವನು ಒಬ್ಬನಿದ್ದ. ಅವಳ ಮೈದುನ. ಅವನನ್ನು ಕಾರ್ಖಾನೆಗೆ ಸೇರಿಸಿ, ಮಗ್ಗುಲಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸಿದಂತೆ ಕೆಲಸ ಕಲಿಸಿದವಳು ಅವಳೇ. ಈಗ ಕರ್ನಲ್ಲಿನ ಉಸ್ತುವಾರಿ ಅವನದು. ಹೊಸ ಕರ್ನಲ್ಲು ಸಿದ್ಧವಾಗುತ್ತಿತ್ತು; ತಿಂಗಳ ಕೊನೆಗೆ ಊರಿನ ಎಲ್ಲ ಲಿಫ್ಟಿಗೂ ಹೋಗಬೇಕು. ಅದರಿಂದ ಕಿಂಡಿಯನ್ನು ಕಿತ್ತುಹಾಕುತ್ತೇನೆ ಎಂದು ಅವನು ಎಲ್ಲರೆದುರೇ ಅಂದುಬಿಟ್ಟ.

“ಅತ್ತಿಗೆ, ಆಪರೇಷನ್ ಮಾಡಿದ ಕತ್ತರಿನ ಹೊಟ್ಟೆಯೊಳಗೇ ಬಿಟ್ಟು ಹೊಲೀತಾರಾ, ಮುಂದೆ ಬೇಕಾಗುತ್ತೆ ಅಂತ? ಕರ್ನಲ್ ಇರೋದು ಲಿಫ್ಟ್ ಓಡಿಸೋಕೆ. ರಿಪೇರಿ ಸಾಮಾನು ಹೊರಗಿರಬೇಕು.”

“ಕಿಟಕಿ ಇಲ್ಲದ ಮನೆ ಕಟ್ಟಿ, ಒಳಗೆ ಹೊಗೆ ತುಂಬಿದಾಗ ಗೋಡೆ ಒಡೀತೀಯೇನೋ?”

“ಆ ಕಿಟಕಿಗೆ ಚಿಲಕ ಇಲ್ವಲ್ಲ! ಯಾರ ಕೈಗೆ ವಯರ್ ಸಿಕ್ಕಿದ್ರೂ ಬ್ರೇಕ್ ಬಿಡಬಹುದು.”

“ಪಾಸ್‌ವರ್ಡ್ ಇದೆ.”

“ಇದೆ. ಊರಿಗೆಲ್ಲ ಒಂದೇ. ಅದೂ ನೀವು ಹುಟ್ಟಿದ ದಿನ. ಪ್ರತಿ ವರ್ಷ ಮೆಕ್ಯಾನಿಕ್‌ಗಳೆಲ್ಲ ನಿಮಗೆ ತಪ್ಪದೆ ಶುಭಾಶಯ ಹೇಳ್ತಾರಲ್ಲ, ಪ್ರೀತಿಗೆ ಅಂದ್ಕೊಂಡ್ರಾ?”

ಕೋಣೆಯೆಲ್ಲ ಗೊಳ್ಳೆಂದಿತು. ಅವಳಿಗೂ ನಗು ಉಕ್ಕಿ ಬಂತು. ಹಲ್ಲು ಕಚ್ಚಿ ತಡೆದುಕೊಂಡಳು. “ನಿಮ್ಮಣ್ಣನ ಕೈ ಸುಟ್ಟಾಗ ನೀನಿನ್ನೂ ಸ್ಕೂಲ್ ಚೀಲ ಹೊರ್ತಿದ್ದೆ. ಕಿಂಡಿ ಹೋದ್ರೆ ಅವರು ಮತ್ತೆ ಮುಚ್ಚಳ ತೆಗೀಬೇಕು. ಮತ್ತೆ ಟಾರ್ಚ್ ಕಚ್ಚಬೇಕು. ನಾನು ಜೀವಂತ ಇರೋವರೆಗೂ ಅದಾಗಲ್ಲ” ಎಂದಳು. ಅವಳಿಗೆ ಕರ್ನಲ್ಲಿನಲ್ಲಿ ಏನಿರಬೇಕು ಏನಿರಬಾರದು ಎಂಬ ವಾದದ ತುದಿಯಲ್ಲಿ ಕಾಣುತ್ತಿದ್ದದ್ದು ಒಂದೇ: ಆ ಅಂಗೈ.

ಕಾರ್ಖಾನೆಯ ಯಜಮಾನಿ ಗಟ್ಟಿಗಿತ್ತಿ. ಇಬ್ಬರ ವಾದವನ್ನೂ ಕೇಳಿ ಕೈಯೆತ್ತಿದಳು. “ನನಗೆ ಕರ್ನಲ್ಲೂ ಗೊತ್ತಿಲ್ಲ, ಕಿಂಡಿನೂ ಗೊತ್ತಿಲ್ಲ. ಲಿಫ್ಟ್ ಜನರನ್ನ ನೋಯಿಸಬಾರದು, ನನಗೆ ಬೈಗುಳದ ಫೋನ್ ಬರಬಾರದು. ಈ ವಾರದ ಕೊನೆಗೆ ಕೂತು ತೀರ್ಮಾನ ಮಾಡೋಣ. ಅಲ್ಲೀವರೆಗೂ ಅತ್ತಿಗೆ ಮೈದುನ ಜಗಳ ಮನೇಲಿಟ್ಕೊಳ್ಳಿ.”

ಮನೆಯಲ್ಲಿಟ್ಟುಕೊಳ್ಳಲು ಜಾಗವಿರಬೇಕಲ್ಲ! ಎರಡು ಕೋಣೆ, ನಡುಮನೆ, ಅಡುಗೆಮನೆ. ಇಷ್ಟರಲ್ಲಿ ನಾಲ್ಕು ಜನ. ನಡುಮನೆಯ ಮೂಲೆಯಲ್ಲಿ ಟೆಲಿಫೋನು, ಅದರ ಪಕ್ಕದ ಕುರ್ಚಿಯಲ್ಲಿ ಅತ್ತೆ. ಲಿಫ್ಟಿನ ನೆತ್ತಿಯ ಕೋಣೆಗಳಲ್ಲಿ ಮೊಬೈಲು ಸಿಗುವುದಿಲ್ಲವಾದ್ದರಿಂದ ಗಿರಾಕಿಗಳ ಫೋನೆಲ್ಲ ಮನೆಗೇ ಬರುತ್ತಿತ್ತು. ಅದನ್ನು ಎತ್ತುವ ಅಧಿಕಾರ ಅತ್ತೆಯದೇ. ಬಂದ ಸುದ್ದಿಯನ್ನು ಮೊದಲು ಒಳಗೆ ಕಾಲಿಟ್ಟವರಿಗೆ ಅಕ್ಷರ ಬಿಡದೆ ಒಪ್ಪಿಸುವಳು. ಒಪ್ಪಿಸಿದ ಗಳಿಗೆಯಲ್ಲೇ ಅದನ್ನು ಮನಸ್ಸಿನಿಂದ ಗುಡಿಸಿ ಆಚೆ ಹಾಕುವಳು. ಎರಡನೆಯವರು ಬಂದು ಕೇಳಿದರೆ ಮುಖದ ಮೇಲೆ ಹೊಡೆದಂತೆ ಒಂದೇ ಉತ್ತರ: “ಯಾವ ಫೋನೂ ಇಲ್ಲ.”

ಆ ಸಂಜೆಯೂ ಹಾಗೆಯೇ ಆಯಿತು. ಹೆರಿಗೆ ಆಸ್ಪತ್ರೆಯೊಂದರಿಂದ ಫೋನು ಬಂದಿತ್ತು. ಅತ್ತೆ ಅದನ್ನು ಮೊದಲು ಬಂದ ಮೈದುನನಿಗೆ ಹೇಳಿದಳು. ವಾದದ ಗುಂಗಿನಲ್ಲಿದ್ದ ಅವನು ಹೂಂಗುಟ್ಟಿ ಕೋಣೆ ಸೇರಿದ. ಆಮೇಲೆ ಬಂದ ಗಂಡ ಕೇಳಿದರೆ ಅತ್ತೆ ಇಲ್ಲವೆಂದು ತಲೆಯಾಡಿಸಿದಳು. ಬೆಳಗ್ಗೆ ಆಸ್ಪತ್ರೆಯವರು ಮತ್ತೆ ಫೋನು ಮಾಡಿ ಬೆಂಕಿ ಕಾರಿದಾಗಲೇ ವಿಷಯ ಹೊರಬಿದ್ದದ್ದು: ಬಾಗಿಲು ಪೂರ್ತಿ ಮುಚ್ಚದೆಯೇ ಲಿಫ್ಟು ಹೊರಟುಬಿಟ್ಟಿತ್ತಂತೆ!

“ಅಮ್ಮಾ, ನಿನ್ನೆ ಕೇಳಿದ್ದಕ್ಕೆ ಫೋನ್ ಇಲ್ಲ ಅಂದ್ಯಲ್ಲ!” ಗಂಡ ತಲೆ ಚಚ್ಚಿಕೊಂಡ.

“ಚಿಕ್ಕೋನಿಗೆ ಹೇಳಿದ್ದೆನಲ್ಲೋ! ಒಂದ್ಸಲ ಹೇಳಿದ್ಮೇಲೆ ನನ್ನ ಕೆಲಸ ಮುಗೀತು. ಮೊದಲು ಕೇಳಿದೋರು ಉಳಿದೋರಿಗೆ ಹೇಳ್ಬೇಕು. ನಾನೇನು ರೇಡಿಯೋನಾ, ಬಂದೋರಿಗೆಲ್ಲ ಹಾಡ್ಕೊಂಡು ಕೂರೋಕೆ?”

ಮೈದುನ ನಾಲಿಗೆ ಕಚ್ಚಿಕೊಂಡ. ಕಿಂಡಿಯಕ್ಕ ಆಗಲೇ ಚಪ್ಪಲಿ ಮೆಟ್ಟಿಯಾಗಿತ್ತು. “ನಡೀರಿ, ನಾನೂ ಬರ್ತೀನಿ. ಬಾಗಿಲು ತೆರೆದಿದ್ರೆ ನನ್ನ ಬೋರ್ಡು ಲಿಫ್ಟ್ ಬಿಡಲ್ಲ. ಬಿಡೋಕೆ ಸಾಧ್ಯಾನೇ ಇಲ್ಲ.”

ಆಸ್ಪತ್ರೆಯ ಓಣಿ ಫಿನಾಯಿಲಿನ ಘಾಟಿನಿಂದ ತುಂಬಿತ್ತು. ಲಿಫ್ಟಿನ ಬಾಗಿಲಿಗೆ ಅಡ್ಡವಾಗಿ ಒಂದು ಬೆಂಚು ಇಟ್ಟಿದ್ದರು. ಪಕ್ಕದಲ್ಲಿ ಬಟ್ಟೆ ಸಾಗಿಸುವ ತಳ್ಳುಗಾಡಿ, ಮುಂದಿನ ಚಕ್ರ ಕಿತ್ತು, ಮಂಡಿಯೂರಿದಂತೆ ಬಾಗಿ ನಿಂತಿತ್ತು. ಅದನ್ನು ತಳ್ಳುವ ಹೆಂಗಸು ಸೊಂಟಕ್ಕೆ ಕೈಕೊಟ್ಟು ಕಾದಿದ್ದಳು.

“ನೀವೇನಾ ಲಿಫ್ಟಿನೋರು? ಬನ್ನಿ, ನೋಡಿ. ಗಾಡಿ ಒಳಗೆ ಅರ್ಧ, ಹೊರಗೆ ಅರ್ಧ. ಬಾಗಿಲು ಗೇಣಗಲ ತೆರ್ಕೊಂಡಿತ್ತು, ಈ ಮಹಾರಾಯ ಮೇಲಕ್ಕೆ ಹೊರಟ. ಕೈ ಬಿಟ್ಟೆ, ಬದುಕಿದೆ. ಗಾಡಿ ಕಾಲು ಮುರೀತು, ಹೊಸ ಚಕ್ರ ಹಾಕ್ತಾರೆ. ನನ್ನ ಕಾಲಾಗಿದ್ರೆ ಎಲ್ಲಿಂದ ತಂದು ಹಾಕ್ತಿದ್ರಿ?”

ಕಿಂಡಿಯಕ್ಕ ಬಗ್ಗಿ, ಚಕ್ರ ಕಿತ್ತ ಜಾಗವನ್ನು ಮುಟ್ಟಿ ನೋಡಿದಳು.

ಗಂಡ ತಲೆ ಕೆರೆದುಕೊಳ್ಳುತ್ತ ವಿವರ ಹೇಳಿದ. ಹೋದ ವಾರ ಈ ಲಿಫ್ಟು ಮಹಡಿ ಮಹಡಿಯ ನಡುವೆ ಸುಮ್ಮಸುಮ್ಮನೆ ನಿಲ್ಲುತ್ತಿತ್ತು. ಅವನು ಬಂದು ಕಿಂಡಿ ತೆರೆದು ನೋಡಿದ. ಯಾವ ತಪ್ಪೂ ಕಾಣಲಿಲ್ಲ. ರೂಢಿಯಂತೆ ಕಿಂಡಿಯನ್ನು ತೆರೆದಿಟ್ಟೇ ಹೋದ. ಅಂದಿನಿಂದ ಲಿಫ್ಟು ಒಮ್ಮೆಯೂ ನಿಂತಿರಲಿಲ್ಲ.

“ನಿನ್ನ ಕೈಗುಣ ಅಂದ್ಕೊಂಡೆ” ಎಂದ.

ಅವಳು ಏಣಿ ಹತ್ತಿದಳು. ನೆತ್ತಿಯ ಕೋಣೆಯಲ್ಲಿ ಮೋಟಾರಿನ ಗ್ರೀಸಿನ ವಾಸನೆ, ದಪ್ಪ ಉಕ್ಕಿನ ಹಗ್ಗಗಳು, ಗೋಡೆಗೆ ಅಂಟಿದ ಪೆಟ್ಟಿಗೆ. ತೂತಿಗೆ ಸಿಕ್ಕಿಸಿದ್ದ ಪರದೆ ಅವಳ ಕಿಂಡಿಯ ದೀಪಗಳನ್ನು ಶಾಂತವಾಗಿ ಮಿನುಗಿಸುತ್ತ ಕೂತಿತ್ತು. ಅಪ್ಪನ ಮಾತಿನಂತೆ ಮೊದಲು ಸುಮ್ಮನೆ ಕಿವಿಗೊಟ್ಟಳು. ಆಮೇಲೆ ಕೆಳಗಿನ ಮಹಡಿಯಲ್ಲಿ ನಿಂತ ಗಂಡನಿಗೆ ಕೂಗಿ ಹೇಳಿದಳು. ಖಾಲಿ ಲಿಫ್ಟನ್ನು ಓಡಿಸುತ್ತೇನೆ, ನೀವು ಬಾಗಿಲ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಒಮ್ಮೆ ಮೀಟಿ ಬಿಡಿ, ಎಂದು.

ಅವನು ಮೀಟಿದ. ಪರದೆಯಲ್ಲಿ ಚಿಲಕದ ಗೂಡಿನ ದೀಪ ಕಣ್ಣು ಹೊಡೆದಂತೆ ಒಮ್ಮೆ ಹೊತ್ತಿ ಆರಿತು. ಲಿಫ್ಟು ನಿಲ್ಲಲಿಲ್ಲ, ಏನೂ ಆಗಿಲ್ಲವೆಂಬಂತೆ ಏರಿತು.

ಅವಳು ಕಿಂಡಿಯ ವಯರು ಕಿತ್ತಳು. “ಇನ್ನೊಂದ್ಸಲ ಮೀಟಿ!”

ಈ ಸಲ ಮೋಟಾರು ಗಕ್ಕೆಂದು ನಿಂತಿತು. ಹಗ್ಗಗಳು ನಡುಗಿ ಸುಮ್ಮನಾದವು.

ಮತ್ತೆ ವಯರು ಸಿಕ್ಕಿಸಿ ನೋಡಿದಳು, ಮತ್ತೆ ಕಿತ್ತು ನೋಡಿದಳು. ಕಿಂಡಿ ತೆರೆದಿದ್ದರೆ ಲಿಫ್ಟು ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಅವಳು ಅಲ್ಲೇ ಕಬ್ಬಿಣದ ತೊಲೆಯ ಮೇಲೆ ಕೂತಳು. ಅತ್ತೆ ಕಣ್ಣೆದುರು ಬಂದಳು, ಟೆಲಿಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಂತೆಯೇ. ಚಿಲಕ ಕಾಯುವ ಚಿಪ್ಪು ಹೊಸ ತಳಿಯದು. ಹಳೆಯದು ಬರುವುದು ನಿಂತುಹೋಗಿ ಇದನ್ನು ಹಾಕಿದ್ದರು. ಇದು ಅತ್ತೆಯ ಜಾತಿ! ಚಿಲಕ ಹಾರಿದ್ದನ್ನು ಮೊದಲು ಕೇಳಿದವರಿಗೆ ಹೇಳುತ್ತದೆ, ಹೇಳಿದ ಗಳಿಗೆಯಲ್ಲೇ ಗೂಡಿನಿಂದ ಅಳಿಸಿಹಾಕುತ್ತದೆ, ಬಾಗಿಲು ತೆರೆದೇ ಇದ್ದರೂ ಮತ್ತೆ ಹೇಳುವುದಿಲ್ಲ. ಕಿಂಡಿ ಕರ್ನಲ್ಲಿಗಿಂತ ಚುರುಕು. ಓಡಿಹೋಗಿ ಮೊದಲೇ ಕೇಳಿಕೊಳ್ಳುತ್ತದೆ. ಹಿಂದಿನಿಂದ ಬಂದ ಕರ್ನಲ್ಲಿಗೆ ಗೂಡು ಖಾಲಿ. ಯಾವ ಫೋನೂ ಇಲ್ಲ. ಅದು ನಂಬಿ ಲಿಫ್ಟು ಬಿಡುತ್ತದೆ. ಪರದೆಯ ಮುಂದೆ ಮೆಕ್ಯಾನಿಕ್ಕು ಇಲ್ಲದ ಹೊತ್ತಿನಲ್ಲಿ ಆ ದೀಪ ಹೊತ್ತಿ ಆರಿದ್ದನ್ನು ಕಂಡವರು ಯಾರು?

ಕೈಗುಣ! ಕಿಂಡಿ ಯಾವ ಲಿಫ್ಟನ್ನೂ ವಾಸಿಮಾಡಿರಲಿಲ್ಲ. ರೋಗಿಯ ಬಾಯಿ ಮುಚ್ಚಿಸಿತ್ತು.

ಇಲ್ಲಿ ಅವಳ ಜಾಗದಲ್ಲಿ ಇನ್ನೊಬ್ಬರಿದ್ದರೆ ಸ್ವಲ್ಪ ಹೊತ್ತಾದರೂ ಮೀನಮೇಷ ಎಣಿಸುತ್ತಿದ್ದರು. ವಾರದ ಕೊನೆಗೆ ತೀರ್ಮಾನವಿದೆ. ಎದುರಾಳಿ ಮೈದುನ. ಆ ಚಿಲಕದ ಸಡಿಲ ಸ್ಪ್ರಿಂಗು ಬದಲಿಸಿ, ವಯರು ಕಿತ್ತುಕೊಂಡು, ಬಾಯಿಗೆ ಬೀಗ ಹಾಕಿ ಮನೆಗೆ ಹೋಗಬಹುದಿತ್ತು. ಅವಳು ಸೆರಗಿನಲ್ಲಿ ಕೈಯೊರೆಸಿಕೊಂಡು ಏಣಿ ಇಳಿದು, ಮೊಬೈಲು ಸಿಗುವ ಮೆಟ್ಟಿಲ ತಿರುವಿನಲ್ಲಿ ಕೂತು, ಊರಿನ ಮೆಕ್ಯಾನಿಕ್ಕುಗಳಿಗೆಲ್ಲ ಸಾಲಾಗಿ ಫೋನು ಹಚ್ಚಿದಳು.

“ಕಿಂಡಿ ಎಲ್ಲೆಲ್ಲಿ ತೆರೆದಿಟ್ಟಿದ್ದೀಯೋ? ಎಲ್ಲ ಮುಚ್ಚು. ಈಗಲೇ.”

“ಅಯ್ಯೋ ಅಕ್ಕಾ, ಮುಚ್ಚಿದ್ರೆ ಲಿಫ್ಟ್ ನಿಲ್ಲುತ್ತೆ!”

“ನಿಲ್ಲಲಿ. ನಿಲ್ಲಲಿ ಅಂತಾನೇ ಹೇಳ್ತಿರೋದು.”

“ನಿಮ್ಮ ಕೈಗುಣದಿಂದ ಓಡ್ತಿದೆಯಲ್ಲ ಅಕ್ಕಾ, ಯಾಕೆ ಸುಮ್ನೆ...”

“ನನ್ನ ಕೈಗುಣಕ್ಕೆ ಬೆಂಕಿ ಬೀಳಲಿ! ಕಿಂಡಿ ನುಂಗ್ತಿದೆ ಕಣೋ. ತಪ್ಪನ್ನ ನುಂಗಿ ಬಾಯಿ ಒರೆಸ್ಕೊಂಡು ಕೂತಿದೆ. ನಾನು ಮಾಡಿದ ಕಿಂಡಿ, ನಾನೇ ಹೇಳ್ತಿದೀನಿ. ಎದ್ದು ನಡಿ.”

ಬಟ್ಟೆಗಾಡಿಯ ಹೆಂಗಸು ಅಷ್ಟೂ ಹೊತ್ತು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಕೊನೆಗೆ ಒಳಗೆ ಹೋಗಿ ಒಂದು ಲೋಟ ನೀರು ತಂದು ಅವಳ ಪಕ್ಕದಲ್ಲಿಟ್ಟಳು.

ಆ ದಿನ ಊರಿನ ಅದೆಷ್ಟೋ ಕಟ್ಟಡಗಳಲ್ಲಿ ಲಿಫ್ಟುಗಳು ಮುಷ್ಕರ ಹೂಡಿದಂತೆ ನಿಂತವು. ಗುಮಾಸ್ತರು ಫೈಲು ಹೊತ್ತು ಮೆಟ್ಟಿಲು ಹತ್ತಿದರು. ಕೊಬ್ಬಿದವರು ಒಂದೊಂದು ಮಹಡಿಗೂ ಕೂತು ಸುಧಾರಿಸಿಕೊಂಡರು. ಕಾರ್ಖಾನೆಯ ಲಿಫ್ಟಿನಲ್ಲೂ ಯಾರೋ ಕಿಂಡಿ ತೆರೆದಿಟ್ಟಿದ್ದರು; ಅದೂ ನಿಂತಿತು. ಕಿಂಡಿಯಕ್ಕ ಆಸ್ಪತ್ರೆಯಿಂದ ತನ್ನ ಮೇಜಿಗೆ ಮರಳುವಷ್ಟರಲ್ಲಿ ಯಜಮಾನಿ ಏದುಸಿರು ಬಿಡುತ್ತ ಮೇಲೆ ಬಂದವಳೇ ಬಾಗಿಲ ಚೌಕಟ್ಟು ಹಿಡಿದು ನಿಂತಳು. ವಾರದ ಕೊನೆಯವರೆಗೆ ಕಾಯುವ ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.

“ಅರ್ಧ ಊರು ಮೆಟ್ಟಿಲು ಹತ್ತಿಕೊಂಡು ನನ್ನನ್ನ ಬೈತಿದೆ. ನೀನೇ ಮಾಡಿಸಿದ್ದಂತೆ?”

“ನಾನೇ. ಬೈಲಿ ಬಿಡಿ. ಬೈಯೋಕೆ ಜೀವ ಇದೆಯಲ್ಲ.”

ಕಿಂಡಿಯಕ್ಕ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ತಪ್ಪನ್ನು ಚಿಪ್ಪಿನ ಮೇಲೆ ಹಾಕಲಿಲ್ಲ, ತೆರೆದಿಟ್ಟು ಬಂದವರ ಮೇಲೆ ಹಾಕಲಿಲ್ಲ. “ಹೊಸ ಚಿಪ್ ಬಂದಾಗ ಕಿಂಡಿ ಅದರ ಜೊತೆ ಹೇಗೆ ನಡ್ಕೊಳ್ಳುತ್ತೆ ಅಂತ ನಾನು ನೋಡ್ಬೇಕಿತ್ತು. ಹೊಗಳಿಕೆ ಕೇಳ್ತಾ ಕೂತೆ. ಕಿಂಡಿ ನಾನೇ ಹಾಕಿದ್ದು, ನಾನೇ ತೆಗೀತೀನಿ” ಎಂದು ಕುರ್ಚಿ ಎಳೆದುಕೊಂಡು ಕೂತಳು. ಆ ದನಿ ಮೆಟ್ಟಿಲ ಬುಡಕ್ಕೆ ಕೇಳಿಸುವಂತಿರಲಿಲ್ಲ.

ಗೆದ್ದವನು ಮೈದುನ. ಬೀಗಬಹುದಿತ್ತು. ಆದರೆ ಅವನ ಮುಖ ಯಾಕೋ ಗಂಟಿಕ್ಕಿತ್ತು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಗಂಡ ಒಳಗೆ ಬಂದು, ಬಲಗೈಯನ್ನು ಅಂಗಾತ ಮೇಜಿನ ಮೇಲಿಟ್ಟ. ನಡುವಿನ ಕಲೆ ಹಳೆಯದಾಗಿ ಮಸುಕಾಗಿತ್ತು.

“ನಿಮ್ಮ ಕರ್ನಲ್ ವಿಷಯ ನನಗೆ ಬೇಡ. ಗಾಡಿ ತಳ್ಳೋ ಆಯಮ್ಮನ ಕಾಲೂ ಉಳೀಬೇಕು, ಈ ಕೈಯೂ ಉಳೀಬೇಕು. ಒಂದು ಉಳಿಸೋಕೆ ಇನ್ನೊಂದು ಕೊಡಿ ಅಂದ್ರೆ ನಾನಂತೂ ಒಪ್ಪಲ್ಲ.”

ಮೈದುನ ತನ್ನ ಕುರ್ಚಿಯನ್ನು ಅವಳ ಮೇಜಿನ ಬಳಿಗೆ ಎಳೆದುಕೊಂಡ.

“ಅತ್ತಿಗೆ, ಒಂದು ಮಾತು. ಕಿಂಡಿ ಬದಲು ಕರ್ನಲ್ ಹೊರಗೆ ಇರೋ ಹಾಗೆ ನಾನೊಂದು ಸಾಮಾನು ಮಾಡಿಟ್ಟಿದ್ದೆ. ನಿಮಗೆ ತೋರಿಸಿ ಹೊಟ್ಟೆ ಉರಿಸೋಣ ಅಂತ. ನಿಮ್ಮ ಫೋನಿನ ಸುದ್ದಿ ಕೇಳಿದ ಕೂಡಲೇ ಅದನ್ನೂ ಹಚ್ಚಿ ನೋಡಿದೆ.”

“ಏನಾಯ್ತು?”

“ಅದೂ ನುಂಗುತ್ತೆ. ನಿಮ್ಮ ಕಿಂಡಿಗಿಂತ ಜಾಸ್ತೀನೇ ನುಂಗುತ್ತೆ. ಅದು ಹಿಂಬಾಗಿಲಿಂದ ಹೋಗಿ ಕೇಳೋದು, ಕರ್ನಲ್‌ಗೆ ಗೊತ್ತೂ ಆಗಲ್ಲ.” ಅವನು ಕಿವಿ ಕೆರೆದುಕೊಂಡ. “ಒಳಗೋ ಹೊರಗೋ ಅಂತ ಇಷ್ಟು ದಿನ ಕಿತ್ತಾಡಿದ್ದೇ ಬಂತು.”

ಕಿಂಡಿಯಕ್ಕ ತಲೆಯೆತ್ತಿದಳು. ಕೊರಳ ದಾರದಲ್ಲಿದ್ದ ಕನ್ನಡಕವನ್ನು ಮೇಜಿನ ಮೇಲೆ ಹುಡುಕತೊಡಗಿದಳು; ಅದು ಅವಳ ಬುದ್ಧಿ ಮತ್ತೆ ಓಡತೊಡಗಿದ ಗುರುತು. ಮೈದುನ ಕನ್ನಡಕವನ್ನು ಎತ್ತಿ ಅವಳ ಮೂಗಿಗೆ ಏರಿಸಿದ.

“ನಿಮ್ಮಮ್ಮ ಏನಂದ್ರೋ ಬೆಳಗ್ಗೆ?”

“ಅಮ್ಮ ಎಷ್ಟೋ ಅಂತಾರೆ. ಯಾವುದು?”

“ಮೊದಲು ಕೇಳಿದೋರು ಉಳಿದೋರಿಗೆ ಹೇಳ್ಬೇಕು ಅಂದ್ರಲ್ಲ. ಗೂಡಿನ ಹತ್ರ ಹೋಗಿ ಕೇಳೋದು ಕರ್ನಲ್ ಒಂದೇ. ಇನ್ಯಾರೂ ಆ ಕಡೆ ತಲೆ ಹಾಕೋ ಹಾಗಿಲ್ಲ. ಕೇಳಿದ್ದನ್ನ ಅದು ನೆನಪಿಟ್ಕೋಬೇಕು. ಕಿಂಡಿ ಬಂದು ಕರ್ನಲ್‌ನ ಕೇಳಲಿ, ಚಿಪ್‌ನ ಅಲ್ಲ.”

“ಹಾಗಾದ್ರೆ ನೋಡೋದು ಒಳಗೇ ಇರುತ್ತೆ.”

“ನೋಡೋದು ಒಳಗೆ. ಮುಟ್ಟೋದು ಹೊರಗೆ. ನೀನು ಹೇಳಿದ್ದು ಸರಿ, ಬ್ರೇಕ್ ಬಿಡೋ ಕೈ ದಿನಾ ಓಡೋ ಕರ್ನಲ್ ಒಳಗೆ ಇರಬಾರದು. ಅದನ್ನ ರಿಪೇರಿಗೆ ಮಾತ್ರ ಸಿಕ್ಕಿಸೋ ಬೇರೆ ಕಾರ್ಡಿಗೆ ಹಾಕೋಣ. ಆ ಕಾರ್ಡ್ ಹಾಕಿದ್ರೆ ಲಿಫ್ಟ್ ದೀಪ ಆರಬೇಕು, ಯಾರನ್ನೂ ಹತ್ತಿಸ್ಕೋಬಾರದು.”

“ಪಾಸ್‌ವರ್ಡ್?”

“ನೀನು ಹುಟ್ಟಿದ ದಿನ ಇಡು. ನಿನಗೂ ನಾಲ್ಕು ಜನ ಶುಭಾಶಯ ಹೇಳಲಿ.”

ಯಜಮಾನಿ ಮೆಟ್ಟಿಲು ಹತ್ತಿದ ಸಿಟ್ಟನ್ನು ಮರೆತು ನಕ್ಕಳು. “ನನಗೆ ಅರ್ಥ ಆಗಿದ್ದು ಇಷ್ಟು. ಇಬ್ಬರೂ ತಪ್ಪು, ಆದ್ರಿಂದ ಇಬ್ಬರೂ ಕೂತು ಮಾಡಿ.”

ಕೂತು ಮಾಡಿದರು. ಕಾರ್ಖಾನೆಯ ಮೇಜು ಸಾಲದೆ ಊಟದ ಮೇಜೂ ಬೋರ್ಡುಗಳಿಂದ ತುಂಬಿತು. ಅತ್ತೆ ತಟ್ಟೆ ಹಿಡಿದು ಜಾಗ ಹುಡುಕುತ್ತ ಗೊಣಗಿದಳು. ತನ್ನ ಹಾಗಿರುವ ಒಂದು ಚಿಪ್ಪು ಊರಿನ ಲಿಫ್ಟಿನಲ್ಲೆಲ್ಲ ಇದೆ ಎಂದು ತಿಳಿದಾಗ ಮಾತ್ರ ಕುತೂಹಲದಿಂದ ಬಗ್ಗಿ ನೋಡಿದಳು. “ಇಷ್ಟು ಚಿಕ್ಕದಾ? ಪಾಪ. ಅದಕ್ಕೂ ಎಷ್ಟು ಜನ ತಲೆ ತಿಂತಾರೋ!”

ತನ್ನ ಹಳೆಯ ಕಿಂಡಿಯ ಸಾಲುಗಳನ್ನು ಕಿಂಡಿಯಕ್ಕ ಒಂದೊಂದಾಗಿ ಅಳಿಸಿದಳು. ಎಷ್ಟೋ ವರ್ಷ ಊರಿನ ನೆತ್ತಿಯ ಮೇಲೆಲ್ಲ ಕೂತಿದ್ದ ಅವಳ ಕೈಬರಹ ಅದು. ಮೈದುನ ತಾನು ಅಳಿಸುತ್ತೇನೆಂದು ಕೈಚಾಚಿದ. “ಬೇಡ. ನೆಟ್ಟೋಳು ನಾನು” ಎಂದಳು, ಅಷ್ಟೇ. ಕಣ್ಣು ಒದ್ದೆಯಾಗಿದ್ದರೆ ಅದನ್ನು ಬೆಸುಗೆಯ ಹೊಗೆಯ ಮೇಲೆ ಹಾಕಲು ಹೊಗೆ ಇದ್ದೇ ಇತ್ತು.

ತಿಂಗಳ ಕೊನೆಗೆ ಹೊಸ ಕರ್ನಲ್ಲು ಹೊರಟಿತು. ಮೆಕ್ಯಾನಿಕ್ಕುಗಳ ಗೊಣಗಾಟವೂ ಶುರುವಾಯಿತು. “ಅಕ್ಕಾ, ಹೊಸ ಕಿಂಡಿಗೆ ಕೈಗುಣ ಇಲ್ಲ. ತೆರೆದಿಟ್ಟು ಬಂದ್ರೂ ಲಿಫ್ಟ್ ನಿಲ್ಲುತ್ತೆ. ತಪ್ಪು ಎಲ್ಲಿದೆ ಅಂತ ಬೇರೆ ತೋರಿಸುತ್ತೆ, ಹೋಗಿ ರಿಪೇರಿ ಮಾಡ್ಬೇಕು!” ಅವಳು ಬಿದ್ದು ಬಿದ್ದು ನಕ್ಕಳು. ಅಂದು ಅವಳ ನಡಿಗೆ ಹಳೆಯ ಹೊಗಳಿಕೆಯ ದಿನಗಳಿಗಿಂತ ಒಂದು ಹೆಜ್ಜೆ ಎತ್ತರದಲ್ಲೇ ಇತ್ತು.

ಹೆರಿಗೆ ಆಸ್ಪತ್ರೆಯ ಲಿಫ್ಟು ಮತ್ತೆ ಮಹಡಿಯ ನಡುವೆ ನಿಂತಿತೆಂದು ಗಂಡ ಒಂದು ಮಧ್ಯಾಹ್ನ ಅಲ್ಲಿಗೆ ಹೋದ. ಹೊಸ ಕಿಂಡಿ ಬಂದ ಮೇಲೆ ಅವನ ಮೊದಲ ರಿಪೇರಿ ಅದು. ಕಿಂಡಿಯಕ್ಕ ಮನೆಯಲ್ಲೇ ಇದ್ದಳು. ಬಟ್ಟೆ ಮಡಿಸುತ್ತ ಒಂದೇ ಅಂಗಿಯನ್ನು ಮತ್ತೆ ಮತ್ತೆ ಬಿಚ್ಚಿ ಮಡಿಸುತ್ತಿದ್ದಳು. ನಡುಮನೆಯಲ್ಲಿ ಫೋನು ರಿಂಗಣಿಸಿತು. ಅತ್ತೆ ಎತ್ತಿ ಕೇಳಿ ಇಟ್ಟಳು. ಅವಳು ಓಡಿ ಬರುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮೈದುನನಿಗೆ ಸುದ್ದಿ ಒಪ್ಪಿಸಿಯಾಗಿತ್ತು.

“ಅತ್ತೇ, ಯಾರ ಫೋನು? ಅವರದಾ?”

“ಯಾವ ಫೋನೂ ಇಲ್ಲ.”

ಮೈದುನ ಈ ಸಲ ಕೋಣೆ ಸೇರಲಿಲ್ಲ. ನೇರ ಅವಳ ಬಳಿ ಬಂದ.

“ಅತ್ತಿಗೆ, ಅಣ್ಣ ಫೋನ್ ಮಾಡಿದ್ದ. ಈ ಸಲ ಮೇಲಿನ ಮಹಡಿ ಬಾಗಿಲ ಚಿಲಕದ ಸ್ಪ್ರಿಂಗ್ ಸಡಿಲ ಇತ್ತಂತೆ. ಕಿಂಡೀಲಿ ದೀಪ ಆರದೇ ನಿಂತಿತ್ತಂತೆ, ಅವನು ಬಂದು ನೋಡೋವರೆಗೂ. ಮುಚ್ಚಳ ತೆಗೀಲಿಲ್ಲ. ಕರೆಂಟ್ ಆರಿಸಿ ಸ್ಪ್ರಿಂಗ್ ಬದಲಾಯಿಸಿದ್ನಂತೆ.”

“ಇನ್ನೇನಂದ್ರು?”

“ಎರಡೂ ಕೈ ಜೇಬಲ್ಲಿಟ್ಕೊಂಡೇ ನೋಡಿದೆ ಅಂತ ನಿಮಗೆ ಹೇಳೋಕೆ ಹೇಳಿದ್ನಂತೆ.”

ಕಿಂಡಿಯಕ್ಕ ಅಂಗಿಯನ್ನು ಕೊನೆಯ ಸಲ ಮಡಿಸಿ, ಇಸ್ತ್ರಿ ಪೆಟ್ಟಿಗೆಯ ಪಕ್ಕಕ್ಕೆ ಇಟ್ಟಳು.